ಅರ್ಧ ಉಸಿರಿನ ಅಳತೆ

1994ರ ಜೂನ್ ತಿಂಗಳ ಒಂದು ಸೋಮವಾರ ಮಧ್ಯಾಹ್ನ, ಎರಡನೇ ಶಿಫ್ಟಿನ ಸೈರನ್ ಕೂಗುವ ಮುನ್ನ, ಪೀಣ್ಯದ ನಮ್ಮ ಕಾರ್ಖಾನೆಯ ಸೈಕಲ್ ಸ್ಟ್ಯಾಂಡಿನಲ್ಲಿ ನಾನು ನಿಂತಿದ್ದೆ. ಬಾಯಲ್ಲಿ ನನ್ನದೇ ಹಾಡು. 'ಸಂಜೆ ಬಸ್ಸಿನ ಕಿಟಕಿಯಾಚೆ ಜಾರಿಹೋಗುವ ಊರ ಬೆಳಕೇ, ನಿಲ್ಲು ನನ್ನಯ ಕಣ್ಣಲಿ.' ಒಂದೇ ಉಸಿರಿನ ಸಾಲು. 'ಬೆಳಕೇ' ಎನ್ನುವಾಗ ಎಡಪಕ್ಕೆಯಲ್ಲಿ ಚುಚ್ಚಿದಂತಾಯಿತು.

ಮುಂದಿನ ಪದ ಬರಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರು ಎಕ್ಸ್-ರೇಯನ್ನು ಬೆಳಕಿಗೆ ಹಿಡಿದರು. "ಪ್ಲೂರಲ್ ಎಫ್ಯೂಷನ್. ಶ್ವಾಸಕೋಶದ ಸುತ್ತ ನೀರು ತುಂಬಿದೆ. ಟಿ.ಬಿ. ಇರಬೇಕು. ಅಡ್ಮಿಟ್ ಆಗಿ."

"ಮೆಟ್ಲು ಹತ್ತೋವಾಗ ಕೂತ್ಕೋತಿದ್ರು ಸಾರ್," ಎಂದಳು ನನ್ನ ಹೆಂಡತಿ ಶಾಂತಾ. "ನಾನು ಪದ್ಯ ಹೊಳೀತಿದೆ ಅಂದ್ಕೊಂಡಿದ್ದೆ."

ಅದೇ ವಾರ ಮಲ್ಲೇಶ್ವರದಿಂದ ಶ್ರೀಧರ ಮೇಷ್ಟ್ರ ಕಾಗದ ಬಂತು. ಅವರು ನನ್ನ ಹಾಡಿಗೆ ರಾಗ ಹಾಕುತ್ತಿದ್ದರು. ನನ್ನದೊಂದು ಹಾಡು ಕ್ಯಾಸೆಟ್ಟಿಗೆ ಹೋಗುವುದು ಅದೇ ಮೊದಲು. ಚರಣಗಳನ್ನು ಸ್ವಲ್ಪ ತಿದ್ದಿಕೊಡಿ ಎಂದಿದ್ದರು. ತಿದ್ದುವುದಕ್ಕೆ ನನ್ನ ಕ್ರಮ ಒಂದೇ. ಸಾಲನ್ನು ಒಂದೇ ಉಸಿರಿನಲ್ಲಿ ಹಾಡಿ ನೋಡುವುದು, ಮುಗಿಯದಿದ್ದರೆ ಕತ್ತರಿಸುವುದು. ವಾರ್ಡಿನ ಮಂಚದ ಮೇಲೆ ಕೂತು ಹಾಗೆಯೇ ಮಾಡಿದೆ. ಆ ಉದ್ದದ ಸಾಲು 'ಊರ ಬೆಳಕೇ, ನಿಲ್ಲು ಕಣ್ಣಲಿ' ಎಂದಾಯಿತು. ಚರಣಗಳೂ ಹಾಗೆಯೇ ಮೊಟಕಾದವು. ಬಿಗಿಯಾಗಿದೆ ಎಂದು ಒಳಗೊಳಗೇ ಖುಷಿಪಟ್ಟು ಪೋಸ್ಟ್ ಮಾಡಿಸಿದೆ.

ಮೇಷ್ಟ್ರು ಉತ್ತರ ಬರೆದರು: "ಸಾಲುಗಳು ರಾಗಕ್ಕೆ ಸಾಲುತ್ತಿಲ್ಲ. ನೀವು ವಿಶ್ರಾಂತಿ ತೆಗೆದುಕೊಳ್ಳಿ. ಬಸವರಾಜರಿಂದ ಬರೆಸಲೇ?"

ಬಸವರಾಜ ಗದಗದ ಕಡೆಯವನು. ಕಾರ್ಖಾನೆಯಲ್ಲಿ ನನ್ನ ಪಕ್ಕದ ಲೇತ್ ಅವನದು. ಹಾಡು ಕಟ್ಟುವುದನ್ನು ನನ್ನ ಜೊತೆಯಲ್ಲೇ ಕಲಿತವನು. ಭಾನುವಾರ, ಶಾಂತಾ ಮಂಚದ ಪಕ್ಕದಲ್ಲಿ ಕೂತಿದ್ದಾಗ, ನೋಡಲು ಬಂದ. ಮೂರು ಮಹಡಿ ಹತ್ತಿ ಬಂದವನು ಏದುಸಿರು ಬಿಡಲಿಲ್ಲ. ಹೊಟ್ಟೆ ಉರಿಯಿತು. ಅವನ ಕವಿತೆಯ ಬಗ್ಗೆ ನನಗೆ ಎಂದೂ ಹೊಟ್ಟೆಕಿಚ್ಚು ಇರಲಿಲ್ಲ. ಅಂದು ನಾನು ನೋಡುತ್ತಿದ್ದುದು ಅಂಗಿಯೊಳಗೆ ಆರಾಮಾಗಿ ಏರಿ ಇಳಿಯುತ್ತಿದ್ದ ಅವನ ಎದೆಯನ್ನು.

"ಏನೋ, ನನ್ನ ಹಾಡು ರಿಪೇರಿ ಮಾಡೋಕೆ ಬಂದ್ಯಾ?"

"ರಿಪೇರಿಗೆ ನಾ ಏನ್ ಫಿಟ್ಟರ್ ಏನಣ್ಣಾ? ಲೇತ್ ಮ್ಯಾಲಿನ ಟರ್ನರ್," ಎಂದು ನಕ್ಕ. "ಮೇಷ್ಟ್ರು ನನಗೂ ಬರದಾರ. ನಿನ್ನ ಕೇಳದ ಹೆಂಗ್ ಬರೀಲಿ?"

"ಹಾಡು ನೋಡೋಣ, ಏನು ಸಾಲ್ತಿಲ್ಲ ಅಂತ."

ಮೇಷ್ಟ್ರು ಅವನಿಗೆ ಬರೆದು ಕಳಿಸಿದ್ದ ನನ್ನ ಮೊಟಕು ಸಾಲನ್ನು ಹಾಡಿದ. ಪದಗಳು ಮುಗಿದವು. ಅವನು ನಿಲ್ಲಲಿಲ್ಲ. ಬಾಯಿ ಮುಚ್ಚಿ ಅದೇ ಸ್ವರವನ್ನು ಗುನುಗುತ್ತಲೇ ಇದ್ದ. ನನಗೆ ಕೇಳಿಯೇ ಸುಸ್ತಾಯಿತು.

"ಅಣ್ಣಾ, ಹಾಡು ಮುಗೀತು, ಉಸಿರು ಇನ್ನೂ ಐತಿ. ಇದನ್ನ ಎಲ್ಲಿ ಇಡ್ಲಿ?"

ನೀರು ತುಂಬಿದ ಎದೆಯಿಂದ ಹಾಡನ್ನು ಅಳೆದಿದ್ದೆ.

"ಹಳೇ ಸಾಲು ನೆನಪಿದ್ಯಾ?" ಎಂದೆ. ಮರೆತಿರಲಿ ಎಂದು ಬಯಸಿದೆ. ನೆನಪಿದ್ದರೆ ನಡುವೆ ಎಡವಲಿ ಎಂದೂ ಬಯಸಿದೆ. ಅವನು ಮೊದಲಿನಿಂದ ಕೊನೆಯವರೆಗೆ ಒಂದೇ ಉಸಿರಿನಲ್ಲಿ ಹಾಡಿದ. ನನ್ನ ಸಾಲು ಅಷ್ಟು ಚೆನ್ನಾಗಿದೆ ಎಂದು ನನಗೆ ಗೊತ್ತಿರಲಿಲ್ಲ.

ಪಕ್ಕದ ಬೆಡ್ಡಿನಲ್ಲಿದ್ದ ಆನೇಕಲ್ಲಿನ ಮುನಿಯಪ್ಪ ಆಕ್ಸಿಜನ್ ಮಾಸ್ಕ್ ಸರಿಸಿ, "ಇನ್ನೊಂದ್ಸಲ ಅನ್ನಪ್ಪಾ," ಎಂದರು.

ಹಳೆಯ ಸಾಲನ್ನೇ ಇಡಿ ಎಂದು ಮೇಷ್ಟ್ರಿಗೆ ಬರೆಸಿದೆ. ನಾನು ಹೇಳಿದೆ, ಶಾಂತಾ ಬರೆದಳು. ಚರಣಗಳನ್ನು ಮುಂದಿನ ಭಾನುವಾರಗಳಲ್ಲಿ ತಿದ್ದಿದೆ. ಅಳತೆ ಬಸವರಾಜನ ಉಸಿರಿನದು.

ನೀರು ತೆಗೆದರು. ಮಾತ್ರೆಗಳ ಕೋರ್ಸ್ ಮುಗಿದಿದೆ. ಕ್ಯಾಸೆಟ್ ಬಂದಿದೆ, ಅದರ ಮೇಲೆ ನನ್ನ ಹೆಸರಿದೆ. 'ನಿಲ್ಲು' ಎನ್ನುವ ಮುನ್ನ ನಾನು ಇವತ್ತಿಗೂ ಒಮ್ಮೆ ಉಸಿರು ಎಳೆದುಕೊಳ್ಳಬೇಕು. ಬಸವರಾಜ ಹಾಡುವಾಗ ಈಗಲೂ ಅವನ ಎದೆಯನ್ನೇ ನೋಡುತ್ತೇನೆ. ಆದರೆ 'ಹಾಡೋ' ಎಂದು ಅವನನ್ನು ಕೇಳುವವನೂ ನಾನೇ.

ಸಾಲು ಮತ್ತೆ ಪೂರ್ತಿಯಾದ ಆ ಭಾನುವಾರ ನನ್ನ ಮಂಚದ ಬಳಿ ಇದ್ದವರು ಮೂವರು. ಮುನಿಯಪ್ಪ ಅದೇ ತಿಂಗಳು ತೀರಿಕೊಂಡರು. ಶಾಂತಾ ಇದ್ದಾಳೆ. ಬಸವರಾಜ ಇದ್ದಾನೆ, ಅದೇ ಪಕ್ಕದ ಲೇತ್‌ನಲ್ಲಿ.