ಮೇಲ್ ಸರ್ವರಿಗೆ ದಿನವೂ ಆರತಿ

ನನಗೆ ಹಠ ಜಾಸ್ತಿ ಎಂದು ಅಮ್ಮ ಬೈಯುತ್ತಿದ್ದಳು. ಹಠಕ್ಕೆ ಸಂಬಳ ಕೊಡುವವರೂ ಇರುತ್ತಾರೆಂದು ಅವಳಿಗೇನು ಗೊತ್ತು! ಪೀಣ್ಯದಲ್ಲಿ ಪಂಪಿನ ಬಿಡಿಭಾಗ ಮಾಡುವ ಕಾರ್ಖಾನೆಯೊಂದರ ಕಂಪ್ಯೂಟರುಗಳೆಲ್ಲ ನನ್ನ ಸುಪರ್ದಿನಲ್ಲಿವೆ.

ಭಾನುವಾರ ಮೇಲ್ ಸರ್ವರಿಗೆ ಹೊಸ ಸಾಫ್ಟ್‌ವೇರ್ ಹಾಕಿ ಬೀಗುತ್ತ ಮನೆಗೆ ಹೋಗಿದ್ದೆ. ಸೋಮವಾರ ಎಲ್ಲರೂ ಬಂದು ಕೂರುವಷ್ಟರಲ್ಲಿ ಸರ್ವರ್ ಮಲಗಿತು. ಎಬ್ಬಿಸಿದೆ, ಮತ್ತೆ ಮಲಗಿತು. ನಮ್ಮಲ್ಲಿ ಕರೆಂಟು ಹೋಗುತ್ತದೆ, ನೀರು ಬರುತ್ತದೆ, ಗಾಡಿ ಕೈಕೊಡುತ್ತದೆ. ಎಲ್ಲಕ್ಕೂ ಅದರದರದೇ ಮರ್ಜಿ. ಹಾಗಾಗಿ ಯಂತ್ರದ ಜೊತೆ ಜಗಳಕ್ಕಿಳಿಯಲು ನನಗೆ ಸಂಕೋಚವಿಲ್ಲ.

ಅವತ್ತೇ ಹೊಸೂರಿನ ಗ್ರಾಹಕರ ಡ್ರಾಯಿಂಗ್ ಬರಬೇಕಿತ್ತು. ಗುಟ್ಟಿನ ವಿನ್ಯಾಸ, ವಾಟ್ಸಾಪಿನಲ್ಲಿ ಕಳಿಸುವಂತಿಲ್ಲ. ಸಂಜೆಯೊಳಗೆ ನಮ್ಮ ಒಪ್ಪಿಗೆ ತಲುಪದಿದ್ದರೆ ಆ ಕೆಲಸ ಪಕ್ಕದ ರಸ್ತೆಯ ಕಾರ್ಖಾನೆಯವರ ಪಾಲು. ಸೂಪರ್‌ವೈಸರ್ ಬಸವರಾಜ್ ಬಾಗಿಲು ಬಿಟ್ಟು ಕದಲಲಿಲ್ಲ.

"ಡ್ರಾಯಿಂಗ್ ಬಂತೇನ್ರಿ ಮೇಡಂ? ಮಷೀನ್ ಸುಮ್ಮನ ನಿಂತಾವ್ರಿ. ಹಳೇದನ್ನ ವಾಪಸ್ ಹಾಕಿಬಿಡ್ರಿ."

ಹಳೆಯದೆಂದರೆ ಕಳ್ಳರಿಗೆ ಬಾಗಿಲು ತೆರೆದಿಟ್ಟಂತೆ. ಆಗಲ್ಲ ಎಂದೆ. ಕಾದು ನಿಂತ ಮೇಲ್‌ಗಳನ್ನು ಪಕ್ಕಕ್ಕಿಟ್ಟು ಒಂದೊಂದನ್ನೇ ಬಿಡತೊಡಗಿದೆ. ಕೊಟೇಶನ್ ದಾಟಿತು, ಯಾರದೋ ರಜೆ ಅರ್ಜಿ ದಾಟಿತು. ಅಕೌಂಟ್ಸಿನ ಶಾರದಾ ಮೇಡಂ ಮೇಲ್ ಬಿಟ್ಟದ್ದೇ ತಡ, ಸರ್ವರ್ ದಬಕ್ಕನೆ ಬಿತ್ತು.

ಅವರು ಪ್ರತಿದಿನ ಬೆಳಿಗ್ಗೆ ಕಚೇರಿಗೆಲ್ಲ ಕಳಿಸುವ ದೇವರ ಚಿತ್ರ ಅದು. ಅದರಲ್ಲಿ ಆರತಿ ತಿರುಗುತ್ತದೆ, ಹೂವು ಉದುರುತ್ತಲೇ ಇರುತ್ತದೆ. ಹೊಸ ಸಾಫ್ಟ್‌ವೇರಿನೊಳಗಿನ ವೈರಸ್ ಹುಡುಕುವ ಕಾವಲುಗಾರ ಒಂದೊಂದು ಹೂವನ್ನೂ ಬಿಡಿಸಿ ನೋಡಲು ಹೋಗಿ ಸುಸ್ತಾಗುತ್ತಿದ್ದ. ಎಬ್ಬಿಸಿದರೆ ಮತ್ತೆ ಮೊದಲ ಹೂವಿನಿಂದ ಶುರು. ಆ ಮೇಲ್ ಎತ್ತಿಟ್ಟೆ. ಡ್ರಾಯಿಂಗ್ ಬಂತು, ಸಂಜೆಯೊಳಗೆ ಒಪ್ಪಿಗೆಯೂ ಹೋಯಿತು. ಬಸವರಾಜ್ ಮಷೀನುಗಳ ಕಡೆ ಓಡಿದರು.

ಇನ್ನು ಶಾರದಾ ಮೇಡಂ ಅವರಿಗೆ ಹೇಳುವ ಕೆಲಸ. ಸರ್ವರ್ ರಿಪೇರಿಯೇ ವಾಸಿ ಅನ್ನಿಸಿತು.

"ನಿಲ್ಲಿಸ್ತೀನಿ ಬಿಡಮ್ಮ, ಅದಕ್ಕೇನು," ಎಂದರು. ಮುಖ ಮಾತ್ರ ಸಣ್ಣದಾಯಿತು.

ಮರುದಿನ ಸರ್ವರ್ ಕಲ್ಲಿನಂತೆ ನಿಂತಿತ್ತು. ಆದರೂ ಸ್ಟೋರ್ಸಿನಿಂದ, ಗೇಟಿನಿಂದ, ಕೊನೆಗೆ ಮಾಲೀಕರ ಕೋಣೆಯಿಂದಲೂ ಒಂದೇ ಫೋನು: "ಮೇಲ್ ಮತ್ತೆ ಬಿದ್ದೋಯ್ತಾ? ದೇವರು ಬಂದಿಲ್ವಲ್ಲ?"

ನನ್ನ ಹಠ ಮತ್ತೆ ಎದ್ದು ಕೂತಿತು. ಮೊದಲ ಹೂವು ನೋಡಿದರೆ ಸಾಕು, ಉಳಿದದ್ದನ್ನು ನಂಬು ಎಂದು ಆ ಕಾವಲುಗಾರನಿಗೆ ಕಲಿಸುವವರೆಗೆ ಕುರ್ಚಿ ಬಿಡಲಿಲ್ಲ. ಆಮೇಲೆ ಶಾರದಾ ಮೇಡಂ ಹತ್ತಿರ ಹೋಗಿ, ನಾಳೆಯಿಂದ ಮತ್ತೆ ಕಳಿಸಿ ಎಂದೆ.

ಈಗ ಬೆಳಿಗ್ಗೆ ಬಂದವಳು ಸರ್ವರ್ ಕೋಣೆಗೆ ಹೋಗುವುದಿಲ್ಲ. ನನ್ನ ಮೇಲ್ ತೆರೆಯುತ್ತೇನೆ. ಆರತಿ ತಿರುಗುತ್ತಿದ್ದರೆ ನೆಮ್ಮದಿಯಾಗಿ ಕಾಫಿಗೆ ಹೊರಡುತ್ತೇನೆ, ಹೋಗುವಾಗ ಶಾರದಾ ಮೇಡಂ ಅವರನ್ನೂ ಕರೆದುಕೊಂಡು.