ಅರಿಶಿನ ಹಚ್ಚಿದ ಕರಪತ್ರ

ನಮ್ಮಣ್ಣ ಕುಡಿತ ಬಿಟ್ಟು ಎಂಟು ತಿಂಗಳಾದ ಮೇಲೆ ಅರಸೀಕೆರೆಯಲ್ಲಿ ಒಂದು ಕೂಟ ಶುರು ಮಾಡಿದ. ಕುಡಿತ ಬಿಟ್ಟವರು, ಬಿಡಬೇಕೆಂದಿರುವವರು ವಾರಕ್ಕೊಮ್ಮೆ ಕೂತು ಮಾತಾಡುವ ಕೂಟ. ಅಲ್ಲಿಯವರೆಗೆ ಅವನು ಅಂಥದ್ದೇ ಒಂದು ಕೂಟಕ್ಕೆ ಪ್ರತಿ ಭಾನುವಾರ ಬಸ್ಸು ಹತ್ತಿ ಹಾಸನಕ್ಕೆ ಹೋಗಿಬರುತ್ತಿದ್ದ. ಅಲ್ಲಿದ್ದ ಹಿರಿಯರೊಬ್ಬರು, ‘ನಿಮ್ಮೂರಲ್ಲೇ ಒಂದು ಶುರು ಮಾಡಪ್ಪ, ಇನ್ನೊಬ್ಬನ ಕೈ ಹಿಡಿದುಕೊಂಡರೆ ನೀನೂ ಬೀಳಲ್ಲ’ ಅಂದಿದ್ದರಂತೆ. ಅಣ್ಣ ಅದನ್ನು ಬಿಗಿಯಾಗಿ ಹಿಡಿದುಕೊಂಡ. ನಾನು ಡ್ರಾಯಿಂಗ್ ಟೀಚರಾಗಿದ್ದ ಸ್ಕೂಲಿನಲ್ಲೇ ಹೆಡ್‌ಮಾಸ್ಟರನ್ನು ಕೇಳಿ ಒಂದು ಕೋಣೆಯ ಬೀಗದ ಕೈ ಇಸಿದುಕೊಂಡ. ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ ಅದು.

ಆ ಕೂಟದಲ್ಲಿ ಯಾರ ಹೆಸರನ್ನೂ ಹೊರಗೆ ಹೇಳುವ ಪದ್ಧತಿಯಿಲ್ಲ. ನಾನೂ ಇಲ್ಲಿ ಯಾರ ಹೆಸರನ್ನೂ ಹೇಳುವುದಿಲ್ಲ.

ಪೋಸ್ಟರು ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ದೊಡ್ಡ ಡ್ರಾಯಿಂಗ್ ಶೀಟಿನ ಮೇಲೆ ಒಂದು ಬಾಟಲಿ ಬರೆದು, ಅದರ ಮೇಲೆ ಕೆಂಪು ಬಣ್ಣದಲ್ಲಿ ಅಡ್ಡಗೆರೆ ಎಳೆದು, ಕೆಳಗೆ ‘ಕುಡಿತ ಬಿಡಬೇಕೆ? ಬನ್ನಿ, ಜೊತೆಗಿದ್ದೇವೆ’ ಎಂದು ಬರೆದೆ. ಹೇಳಿಕೊಳ್ಳಬಾರದು, ಆದರೂ ಹೇಳುತ್ತೇನೆ, ಬಾಟಲಿ ಬಹಳ ಚೆನ್ನಾಗಿ ಬಂದಿತ್ತು. ಗಾಜಿನ ಹೊಳಪು, ಒಳಗಿನ ಕಂದು ಬಣ್ಣ, ಹೊರಗಿನ ತಣ್ಣನೆಯ ಹನಿಗಳು, ಒಂದನ್ನೂ ಬಿಟ್ಟಿರಲಿಲ್ಲ. ಅಣ್ಣ ಅದನ್ನೇ ನೋಡುತ್ತಾ ನಿಂತ.

“ಯಾಕೋ, ಚೆನ್ನಾಗಿಲ್ವಾ?” ಅಂದೆ.

“ಚೆನ್ನಾಗೈತೆ ಕಣೇ. ಅದೇ ತೊಂದರೆ. ನೋಡಿದ್ರೆ ಬಾಯಾರ್ತದೆ.”

ನನಗೆ ಸಿಟ್ಟು ಬಂತು, ನಗುವೂ ಬಂತು. ಮತ್ತೆ ಹನ್ನೆರಡು ಶೀಟು ತಂದು ಬಾಟಲಿಯ ಬದಲು ಎರಡು ಕೈಗಳನ್ನು ಬರೆದೆ. ಅಮ್ಮ ಮೈದಾ ಕಾಯಿಸಿ ಅಂಟು ಮಾಡಿಕೊಟ್ಟಳು. ಬಸ್ ಸ್ಟ್ಯಾಂಡು, ಸ್ಟೇಷನ್ ರಸ್ತೆ, ಅಣ್ಣ ಗುಮಾಸ್ತನಾಗಿದ್ದ ಕೊಬ್ಬರಿ ಮಂಡಿಯ ಗೋಡೆ, ಎಲ್ಲಾ ಕಡೆ ಅಂಟಿಸಿ ಬಂದೆವು.

ಮೊದಲ ಭಾನುವಾರ ಯಾರೂ ಬರಲಿಲ್ಲ. ಎರಡನೆಯ ಭಾನುವಾರವೂ ಇಲ್ಲ. ಆಮೇಲೆ ಒಂದು ಮಧ್ಯಾಹ್ನ ನಾನೇ ಬಸ್ ಸ್ಟ್ಯಾಂಡಿನಲ್ಲಿ ಬಸ್ಸಿಗೆ ಕಾಯುವವಳ ಹಾಗೆ ನಿಂತು ನೋಡಿದೆ. ಗಂಡಸರು ಪೋಸ್ಟರಿನ ಹತ್ತಿರ ಬಂದಕೂಡಲೇ ನಡಿಗೆ ಚುರುಕು ಮಾಡುತ್ತಿದ್ದರು. ಒಬ್ಬ ವಾರೆಗಣ್ಣಲ್ಲಿ ಒಂದು ಸಾಲು ಓದಿ, ಅತ್ತಿತ್ತ ನೋಡಿ, ಪಕ್ಕದ ಸಿನಿಮಾ ಪೋಸ್ಟರನ್ನೇ ಓದುತ್ತಿದ್ದವನಂತೆ ನಿಂತುಬಿಟ್ಟ. ನಮ್ಮ ಊರಲ್ಲಿ ಅಂಥ ಪೋಸ್ಟರಿನ ಮುಂದೆ ಎರಡು ನಿಮಿಷ ನಿಂತರೆ ಸಂಜೆಯೊಳಗೆ ಆ ಸುದ್ದಿ ಮನೆ ತಲುಪಿರುತ್ತದೆ. ಇಷ್ಟು ಸಾಮಾನ್ಯ ವಿಷಯ ನಮ್ಮಿಬ್ಬರಿಗೂ ಹೊಳೆದಿರಲಿಲ್ಲ.

ಸರಿ, ಕರಪತ್ರ ಅಚ್ಚು ಹಾಕಿಸಿದೆವು, ತೆಳ್ಳನೆಯ ಬಿಳಿ ಕಾಗದದಲ್ಲಿ. ಕೈಗೆ ಕೊಟ್ಟರೆ ಜೇಬಿಗಿಟ್ಟುಕೊಂಡು ಮನೆಯಲ್ಲಿ ಓದಬಹುದಲ್ಲ ಅನ್ನುವ ಲೆಕ್ಕ. ಸಂತೆಯ ದಿನ ಅಣ್ಣ ನಿಂತು ಹಂಚಿದ. ತೆಗೆದುಕೊಂಡವರಲ್ಲಿ ಒಬ್ಬ ಅದರಲ್ಲಿ ಬೋಂಡದ ಎಣ್ಣೆ ಒರೆಸಿದ, ಇನ್ನೊಬ್ಬ ಸುರುಳಿ ಸುತ್ತಿ ಕಿವಿ ಕೆರೆದುಕೊಂಡ. ಉಳಿದ ಎರಡು ಕಟ್ಟನ್ನು ಅಣ್ಣ ಮನೆಗೆ ತಂದು ಮೂಲೆಗೆ ಎಸೆದ. ಐದನೆಯ ಭಾನುವಾರವೂ ಅವನು ಖಾಲಿ ಬೆಂಚುಗಳ ಮುಂದೆ ಟೀ ಫ್ಲಾಸ್ಕು ಇಟ್ಟುಕೊಂಡು ಒಂದು ಗಂಟೆ ಕೂತು ಬಂದಿದ್ದ.

“ಇನ್ನೊಂದು ವಾರ ನೋಡ್ತೀನಿ. ಯಾರೂ ಬರ್ಲಿಲ್ಲ ಅಂದ್ರೆ ಬೀಗದ ಕೈ ವಾಪಸ್ ಕೊಟ್ಬಿಡ್ತೀನಿ” ಅಂದ. ಬೀಗದ ಕೈ ಕೊಟ್ಟ ಮೇಲೆ ಭಾನುವಾರ ಸಂಜೆ ಅವನು ಎಲ್ಲಿಗೆ ಹೋಗುತ್ತಾನೆ ಅನ್ನುವುದನ್ನು ನಾವ್ಯಾರೂ ಬಾಯಿಬಿಟ್ಟು ಕೇಳಲಿಲ್ಲ. ಅಮ್ಮ ಅವನ ತಟ್ಟೆಗೆ ಇನ್ನೊಂದು ಮುದ್ದೆ ಹಾಕಿದಳು.

ಆ ವಾರವೆಲ್ಲ ನಾನು ಸ್ಕೂಲಿನ ಕೆಲಸದಲ್ಲಿ ಮುಳುಗಿದ್ದೆ. ಅಮ್ಮ ಎರಡು ದಿನ ತನ್ನ ತವರೂರು ಹಾರನಹಳ್ಳಿಗೆ ಹೋಗಿಬಂದಳು. ಯಾಕೆ ಎಂದು ಕೇಳಿದ್ದಕ್ಕೆ “ಸುಮ್ನೆ, ಎಲ್ರನ್ನೂ ನೋಡಿ ದಿನ ಆಗಿತ್ತು” ಅಂದಳು. ಅವಳ ಬೆರಳೆಲ್ಲ ಹಳದಿಯಾಗಿದ್ದನ್ನು ನೋಡಿದ್ದೆ. ಅಡುಗೆಮನೆಯ ಅರಿಶಿನ ಎಂದುಕೊಂಡೆ.

ಭಾನುವಾರ ಮೂರು ಗಂಟೆಗೆ ಅಣ್ಣ ಕೋಣೆ ತೆಗೆದ. ಅವನೊಬ್ಬನನ್ನೇ ಬಿಡಲು ಮನಸ್ಸಾಗದೆ ನಾನೂ ಹೋಗಿದ್ದೆ. ಮೂರೂಕಾಲಿಗೆ ಗೇಟಿನ ಹತ್ತಿರ ಒಂದು ಟೆಂಪೊ ನಿಂತಿತು. ಮೊದಲು ಇಳಿದದ್ದು ರೇಷ್ಮೆ ಸೀರೆ ಉಟ್ಟ ಹೆಂಗಸರು. ಅವರ ಹಿಂದೆ ಇಸ್ತ್ರಿ ಶರ್ಟಿನ ಗಂಡಸರು, ಎಣ್ಣೆ ಹಚ್ಚಿ ಕ್ರಾಪು ತೆಗೆದ ಮಕ್ಕಳು. ಒಬ್ಬಳ ಕೈಯಲ್ಲಿ ತೆಂಗಿನಕಾಯಿ, ರವಿಕೆ ಕಣ. ಇನ್ನೊಬ್ಬಳು ಬಣ್ಣದ ಕಾಗದ ಸುತ್ತಿದ ಸ್ಟೀಲ್ ಡಬ್ಬಿ ಹಿಡಿದಿದ್ದಳು. ಇಪ್ಪತ್ತು ಜನಕ್ಕೆ ಕಡಿಮೆಯಿಲ್ಲ.

“ಕಾರ್ಯ ಇಲ್ಲೇ ಏನಪ್ಪಾ?” ಎಂದು ಡಬ್ಬಿಯ ಹೆಂಗಸು ಅಣ್ಣನನ್ನು ಕೇಳಿದಳು.

“ಯಾವ ಕಾರ್ಯ?”

ಅವಳು ಸೆರಗಿನಿಂದ ನಮ್ಮದೇ ಕರಪತ್ರ ತೆಗೆದು ತೋರಿಸಿದಳು. ನಾಲ್ಕು ಮೂಲೆಗೂ ಮದುವೆ ಪತ್ರಿಕೆಗೆ ಹಚ್ಚುವ ಹಾಗೆ ಅರಿಶಿನ, ನಡುವೆ ಒಂದು ಬೊಟ್ಟು ಕುಂಕುಮ. “ನಿಮ್ಮಮ್ಮ ಕುಂಕುಮ ಇಟ್ಟು ಕರೆದವ್ರೆ. ಕುಂಕುಮ ಇಟ್ಟು ಕರೆದ ಮೇಲೆ ಬರ್ದೆ ಇರಕ್ಕಾಯ್ತದಾ?”

ಅಣ್ಣನ ಮುಖ ಬೆಳ್ಳಗಾಯಿತು. ನಾನು ಹೆಡ್‌ಮಾಸ್ಟರಿಗೆ ಏನು ಹೇಳುವುದು ಎಂದು ಯೋಚಿಸುತ್ತಿದ್ದೆ. ಅಷ್ಟರಲ್ಲಿ ಒಂದು ಆಟೋ ಬಂತು. ಒಳಗೆ ಅಮ್ಮ, ಅಪ್ಪ, ಅವರಿಬ್ಬರ ಮಧ್ಯೆ ಒಂದು ದೊಡ್ಡ ಪಾತ್ರೆ ಪುಳಿಯೋಗರೆ. ಅಪ್ಪ ರೈಲ್ವೆಯಿಂದ ರಿಟೈರಾದ ಮೇಲೆ ಅಷ್ಟು ಭಾರ ಎತ್ತಿದ್ದನ್ನು ನಾನು ನೋಡಿರಲಿಲ್ಲ.

“ಏನಮ್ಮ ಇದು? ಕರಪತ್ರಕ್ಕೆ ಯಾರಾದ್ರೂ ಅರಿಶಿನ ಹಚ್ತಾರಾ?” ಎಂದು ನಾನು ಹಲ್ಲು ಕಚ್ಚಿ ಕೇಳಿದೆ.

“ಬರೀ ಕಾಗದ ಕೊಟ್ರೆ ಎಣ್ಣೆ ಒರೆಸ್ತಾರೆ. ಅರಿಶಿನ ಹಚ್ಚಿದ್ನ ಯಾರೂ ಬಿಸಾಕಲ್ಲ. ನೀನು ಸೌಟು ಹಿಡ್ಕೋ.”

ಡೆಸ್ಕುಗಳನ್ನು ಗೋಡೆಗೆ ಸರಿಸಿ ಪಂಕ್ತಿ ಹಾಕಿದೆವು. ಅಣ್ಣ ಬಕೆಟ್ಟು ಹಿಡಿದು ಬಡಿಸುತ್ತಾ ಬಂದವನು ಮಧ್ಯದಲ್ಲಿ ನಿಂತುಬಿಟ್ಟ. “ಇದು ಮದುವೆಯೂ ಅಲ್ಲ, ನಾಮಕರಣವೂ ಅಲ್ಲ. ನಾನು ಕುಡುಕ ಆಗಿದ್ದೆ. ಬಿಟ್ಟು ಹತ್ತು ತಿಂಗಳಾಗ್ತಾ ಬಂತು. ಬಿಡಬೇಕು ಅನ್ನೋರು ಇದ್ರೆ ಬಂದು ಕೂರ್ಲಿ ಅಂತ ಈ ಕೂಟ” ಅಂದ. ಎಲ್ಲರೂ ಬಾಯಲ್ಲಿದ್ದದ್ದನ್ನು ಅಗಿಯುವುದನ್ನೂ ಮರೆತು ಕೂತರು. ಆಮೇಲೆ ಡಬ್ಬಿಯ ಹೆಂಗಸು, “ಹತ್ತು ತಿಂಗಳಾ? ಒಳ್ಳೇದಾಯ್ತು ಕಣಪ್ಪಾ. ಇನ್ನೊಂಚೂರು ಹಾಕು” ಅಂದಳು. ಕೋಣೆ ತುಂಬಾ ನಗು. ಅಣ್ಣನೂ ನಕ್ಕ. ಅವನು ಹಾಗೆ ಹೊಟ್ಟೆ ಹಿಡಿದುಕೊಂಡು ನಕ್ಕದ್ದನ್ನು ನೋಡಿ ನನಗೆ ಕಣ್ಣು ತುಂಬಿ ಬಂತು, ಸೌಟು ಬಿಟ್ಟು ಅಳುವಷ್ಟು ಸಂತೋಷವಾಯಿತು.

ಎಲ್ಲರೂ ಟೆಂಪೊ ಹತ್ತಿದರು. ಒಬ್ಬ ಮಾತ್ರ ಹತ್ತಲಿಲ್ಲ. ನಲವತ್ತರ ಆಸುಪಾಸಿನ ರೈತ, ಡಬ್ಬಿ ತಂದಿದ್ದ ಹೆಂಗಸಿನ ಗಂಡ. ಕೇಳದೆಯೇ ಎಂಜಲೆಲೆ ಎತ್ತಿ, ಡೆಸ್ಕುಗಳನ್ನು ಸ್ವಸ್ಥಾನಕ್ಕೆ ಸರಿಸಿ, ಅಣ್ಣನ ಮುಂದೆ ಬೆಂಚಿನ ಮೇಲೆ ಕೂತ.

“ಹೆಂಗಸ್ರು ಏನೋ ಶುಭಕಾರ್ಯ ಅಂದ್ಕಂಡು ಬಂದ್ರು. ನಾನು ಓದ್ಕಂಡೇ ಬಂದೆ” ಅಂದ. ಮಡಿಸಿದ್ದ ತೋಳು ಇಳಿಸಿಕೊಳ್ಳುತ್ತಾ, “ನಾಕು ವರ್ಷದಿಂದ ನಮ್ಮನೆಗೆ ಮದ್ವೆ ಪತ್ರಿಕೆ ಕೊಡೋರು ನಾನು ಹೊಲಕ್ಕೆ ಹೋಗಿರೋ ಹೊತ್ತು ನೋಡ್ಕಂಡು ಬತ್ತಾರೆ. ಕುಡ್ಕ ಬಂದ್ರೆ ಗಲಾಟೆ ಅಂತ. ನಿಮ್ಮಮ್ಮ ಮಾತ್ರ ನಾನು ಬರೋಗಂಟ ಜಗುಲಿ ಮೇಲೆ ಕಾದು, ನೀನೂ ಬರ್ಬೇಕಪ್ಪಾ ಅಂದ್ರು” ಅಂದ.

ಅಣ್ಣ ಅಮ್ಮನ ಕಡೆ ನೋಡಿದ. ಅವಳು ಬಗ್ಗಿ ಪಾತ್ರೆಯ ತಳ ಕೆರೆಯುತ್ತಿದ್ದಳು. ನಮ್ಮ ಮನೆಗೂ ಎಷ್ಟೋ ವರ್ಷ ಬಂಧುಗಳು ಅಣ್ಣ ಮಂಡಿಯಲ್ಲಿರುವ ಹೊತ್ತಿಗೇ ಪತ್ರಿಕೆ ತರುತ್ತಿದ್ದರು. ‘ನೀವು ಮೂವರೂ ಬನ್ನಿ’ ಎಂದು ಬೆರಳು ಮಡಿಸಿ ಹೇಳಿ ಹೋಗುತ್ತಿದ್ದರು. ಅಮ್ಮ ಆ ಪತ್ರಿಕೆಗಳನ್ನು ಅಣ್ಣನಿಗೆ ಕಾಣದಂತೆ ಅಕ್ಕಿ ಡಬ್ಬದ ಹಿಂದೆ ಇಡುತ್ತಿದ್ದಳು. ನನಗೆ ಅದೆಲ್ಲ ಮರೆತೇಹೋಗಿತ್ತು, ಅವಳಿಗೆ ಮರೆತಿರಲಿಲ್ಲ.

ಅವತ್ತು ಅಣ್ಣ, ಆ ರೈತ ಇಬ್ಬರೂ ಫ್ಲಾಸ್ಕಿನ ಟೀ ಮುಗಿಯುವವರೆಗೆ ಮಾತಾಡಿದರು. ಮನೆಗೆ ಬಂದಾಗ ಬೀಗದ ಕೈ ಅಣ್ಣನ ಜೇಬಿನಲ್ಲೇ ಇತ್ತು. ಕೈಕಾಲು ತೊಳೆದುಕೊಂಡು ಬಂದವನು ಉಳಿದಿದ್ದ ಒಂದು ಕರಪತ್ರ ಎತ್ತಿಕೊಂಡು ಅಮ್ಮನ ಮುಂದೆ ಕೂತ.

“ಊರಿಗೆಲ್ಲ ಹೇಳಿದೀಯ. ನನಗೆ ಮಾತ್ರ ಹೇಳ್ಳೇ ಇಲ್ವಲ್ಲಮ್ಮ” ಅಂದ, ತಮಾಷೆಗೆ.

ಅಮ್ಮ ನಗಲಿಲ್ಲ. ಎದ್ದು ಹೋಗಿ ಅರಿಶಿನ ಕುಂಕುಮದ ಬಟ್ಟಲು ತಂದಳು. ಕರಪತ್ರದ ನಾಲ್ಕು ಮೂಲೆಗೆ ಅರಿಶಿನ ಹಚ್ಚಿ, ಅವನ ಹಣೆಗೆ ಕುಂಕುಮವಿಟ್ಟು, ಎರಡೂ ಕೈಯಲ್ಲಿ ಅದನ್ನು ಅವನ ಕೈಗೆ ಕೊಟ್ಟಳು.

“ಬರೋ ಭಾನುವಾರ, ಮೂರು ಗಂಟೆಗೆ. ನೀನೂ ಬರ್ಬೇಕಪ್ಪಾ.”

ಅಣ್ಣ ಆ ಕಾಗದವನ್ನು ಮಡಿಸಿ ಬೀಗದ ಕೈಯಿದ್ದ ಜೇಬಿಗೆ ಇಟ್ಟುಕೊಂಡ. ಆಮೇಲೆ, “ಬತ್ತೀನಿ ಕಣಮ್ಮ” ಅಂದ.