ಅಜ್ಜನ ಎದೆಯ ಮೇಲಿನ ಗರುಡ

ನನ್ನ ಅವ್ವ ತನ್ನ ಅಪ್ಪನನ್ನು ನೋಡಿದ್ದು ಒಂದೇ ಒಂದು ಫೋಟೋದಲ್ಲಿ. ಬೆಳಗಾವಿ ಬಿಟ್ಟು ಇಂಗ್ಲೆಂಡಿನ ರೇನರ್ಸ್ ಲೇನ್‌ನ ನಮ್ಮ ಮನೆಗೆ ಇರಲು ಬಂದಾಗ ಸೀರೆಗಳ ನಡುವೆ ಸುತ್ತಿ ತಂದಿದ್ದಳು. ಬಂದ ಮರುದಿನವೇ ಮುಂದಿನ ಕೋಣೆಯ ಗೋಡೆಗೆ ಹಾಕಿಸಿದಳು. ಸೈನಿಕನ ಅಂಗಿ ತೊಟ್ಟು, ಟೋಪಿ ಕೈಯಲ್ಲಿ ಹಿಡಿದು ನಿಂತ ತರುಣ. ನಗಬೇಕೋ ಬೇಡವೋ ಎಂದು ತಿಳಿಯದ ಮುಖ. ಅಂಗಿಯ ಎದೆಯ ಮೇಲೆ ರೆಕ್ಕೆ ಬಿಚ್ಚಿದ ಒಂದು ಸಣ್ಣ ಹಕ್ಕಿ. ಅದು ಗರುಡ ಎಂದು ಅಜ್ಜಿ ಹೇಳಿಕೊಟ್ಟಿದ್ದಳಂತೆ. ಅವ್ವ ದಿನಾ ಸ್ನಾನ ಮುಗಿಸಿ ಅದಕ್ಕೂ ಸೇರಿಸಿ ಕೈ ಮುಗಿಯುತ್ತಿದ್ದಳು.

ಅಜ್ಜ ಬೆಳಗಾವಿಯಲ್ಲಿ ಪಲ್ಟಣ ಸೇರಿದವನು. ಅಜ್ಜಿ ಬಸುರಿಯಾಗಿದ್ದಾಗ ಆಫ್ರಿಕಾದ ಮರುಭೂಮಿಯ ಯುದ್ಧಕ್ಕೆ ಹಡಗು ಹತ್ತಿದ. ಅವ್ವನನ್ನು ತೊಟ್ಟಿಲಿಗೆ ಹಾಕಿ ಹೆಸರಿಟ್ಟ ದಿನವೇ ತಂತಿ ಬಂತು, ಅಜ್ಜನ ಪತ್ತೆಯಿಲ್ಲ ಎಂದು. ಅಂದಿನಿಂದ ಅವ್ವ ಮನೆಮಂದಿಯ ಬಾಯಲ್ಲಿ ‘ಅಪ್ಪನ್ನ ತಿಂದು ಹುಟ್ಟಿದಾಕಿ’ ಆದಳು. ಮದುವೆ ಮುಂಜಿಗಳಲ್ಲಿ ಅವಳನ್ನು ಮುಂದೆ ಕರೆಯುತ್ತಿರಲಿಲ್ಲ. ಯುದ್ಧ ಮುಗಿದು ವರ್ಷದ ಮೇಲೆ ಅದೇ ಪಲ್ಟಣದ ಒಬ್ಬಾತ ಬಂದು, ಈ ಫೋಟೋವನ್ನು ಅಜ್ಜಿಯ ಕೈಗೆ ಕೊಟ್ಟು, ಕೇಳಿದ್ದಕ್ಕೆ ಉತ್ತರಿಸದೆ, ತಲೆ ತಗ್ಗಿಸಿಕೊಂಡೇ ಹೋದನಂತೆ. ಊರು ಬಿಡುವ ಮುಂಚೆ ತೆಗೆಸಿದ ಫೋಟೋ ಇದ್ದೀತು ಎಂದು ಎಲ್ಲರೂ ಅಂದುಕೊಂಡರು. ಅಜ್ಜಿ ಅದಕ್ಕೆ ಹಾರ ಹಾಕಗೊಡಲಿಲ್ಲ, ಸಾಯುವವರೆಗೂ ಹಣೆಯ ಕುಂಕುಮ ಅಳಿಸಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ ಪಕ್ಕದ ಮನೆಯ ಮುದುಕರು ನಮ್ಮದೊಂದು ಪಾರ್ಸೆಲ್ ತಂದುಕೊಟ್ಟರು, ಪೋಸ್ಟ್‌ಮನ್ ಅವರ ಬಳಿ ಬಿಟ್ಟುಹೋಗಿದ್ದ. ಬಸ್ ಓಡಿಸಿ ನಿವೃತ್ತರಾದ ಇಂಗ್ಲಿಷರು ಅವರು, ಅವ್ವನದೇ ವಯಸ್ಸು. ಅವರ ಅಪ್ಪನೂ ಅದೇ ಯುದ್ಧದಲ್ಲಿ ತೀರಿಕೊಂಡಿದ್ದರು. ಅಪ್ಪನ ಸಾಮಾನಿನ ಜೊತೆ ಮನೆಗೆ ಬಂದಿದ್ದ ಯಾರೋ ಜರ್ಮನ್ ಸೈನಿಕನ ಫೋಟೋ ಅವರಿಗೆ ಬಾಲ್ಯದಲ್ಲೇ ಒಂದು ಗೀಳು ಹತ್ತಿಸಿತ್ತು. ಹಳೆಯ ಫೋಟೋಗಳಲ್ಲಿನ ಜರ್ಮನ್ ಸೈನಿಕರ ಅಂಗಿ, ಕಾಲರು, ಬಿಲ್ಲೆ ನೋಡಿ ಯಾವ ದಳ, ಯಾವ ದರ್ಜೆ ಎಂದು ಗುರುತಿಸುವುದು. ಎಲ್ಲೆಲ್ಲಿಂದಲೋ ಜನ ಅವರಿಗೆ ಫೋಟೋ ಕಳಿಸಿ ಕೇಳುತ್ತಿದ್ದರು.

ಚಹಾದ ಕಪ್ಪು ಹಿಡಿದು ಗೋಡೆಯ ಹತ್ತಿರ ಹೋದವರು ಅಲ್ಲೇ ನಿಂತುಬಿಟ್ಟರು.

“ಇವರು ಯಾರು?”

“ಅವ್ವನ ಅಪ್ಪ. ಬ್ರಿಟಿಷರ ಸೈನ್ಯದಲ್ಲಿದ್ದರು,” ಎಂದೆ.

ಅವರು ಚೌಕಟ್ಟಿನ ಗಾಜಿಗೆ ಇನ್ನೂ ಹತ್ತಿರ ಬಾಗಿ ನೋಡಿದರು. ಆಮೇಲೆ ಮೆಲ್ಲಗೆ, “ಈ ಅಂಗಿ ಜರ್ಮನರದು,” ಎಂದರು. “ಕಾಲರಿನ ಎರಡೂ ಕಡೆ ಬಿಳಿ ಪಟ್ಟಿ ನೋಡಿ. ಬಲಗಡೆ ಜೇಬಿನ ಮೇಲಿರುವುದು ಅವರ ಹದ್ದು.”

ನಾನು ಆಸ್ಪತ್ರೆಯಲ್ಲಿ ಎಕ್ಸ್-ರೇ ನೋಡುವ ಡಾಕ್ಟರು. ಮೂವತ್ತು ವರ್ಷ ಕಪ್ಪು ಬಿಳುಪು ನೆರಳುಗಳಲ್ಲಿ ಕೂದಲೆಳೆಯಷ್ಟು ಬಿರುಕು ಹುಡುಕಿದವಳು. ಚಿಕ್ಕಂದಿನಿಂದ ಕಂಡ ಈ ಫೋಟೋವನ್ನು ಮಾತ್ರ ನೋಡಿಯೇ ಇರಲಿಲ್ಲ. ಭೂತಗನ್ನಡಿ ತಂದು ಹಿಡಿದೆ. ಹದ್ದಿನ ಕಾಲಲ್ಲಿ ಸ್ವಸ್ತಿಕವಿತ್ತು.

“ಏನಂತಾರ ಅವರು?” ಅವ್ವ ಕೇಳಿದಳು.

ಹೇಳಿದೆ. ಅವಳ ಮುಖ ಬಿಳಿಚಿಕೊಂಡಿತು. ಪ್ರತಿ ನವೆಂಬರಿನ ಯುದ್ಧಸ್ಮರಣೆಯ ದಿನ ಅವಳು ಕೋಟಿಗೆ ಕೆಂಪು ಗಸಗಸೆ ಹೂ ಚುಚ್ಚಿಕೊಂಡು, ಸತ್ತ ಸೈನಿಕರ ಸ್ಮಾರಕದ ಮುಂದೆ ಊರವರ ಜೊತೆ ಹೆಮ್ಮೆಯಿಂದ ನಿಲ್ಲುತ್ತಿದ್ದಳು.

“ನಮ್ಮಪ್ಪ ವೈರಿಗಳ ಕಡೆ ಹೋಗಿದ್ನೇನು? ಕೇಳ ಅವರನ್ನ. ಇವರಪ್ಪನ್ನ ಕೊಂದವರ ಕಡೀಗೆ?”

ಕೇಳಿದೆ. ಅವರು ಕಪ್ಪು ಕೆಳಗಿಟ್ಟು ಅವ್ವನ ಎದುರು ಕುರ್ಚಿ ಎಳೆದುಕೊಂಡು ಕೂತರು. ಮರುಭೂಮಿಯಲ್ಲಿ ಸೆರೆ ಸಿಕ್ಕ ಭಾರತದ ಸೈನಿಕರನ್ನೇ ಸೇರಿಸಿ ಜರ್ಮನರು ಒಂದು ದಳ ಕಟ್ಟಿದ್ದರು ಎಂದು ವಿವರಿಸಿದರು. “ಕೆಲವರು ನಿಮ್ಮ ದೇಶಕ್ಕೆ ಸ್ವಾತಂತ್ರ್ಯ ಸಿಗುತ್ತದೆಂದು ನಂಬಿ ಹೋದರು. ಕೆಲವರು ಸೆರೆಯ ಹಸಿವು, ಚಳಿ ತಾಳಲಾರದೆ ಹೋದರು. ನಿಮ್ಮ ಅಪ್ಪ ಯಾಕೆ ಹೋದರೋ ನನಗೆ ಗೊತ್ತಿಲ್ಲ. ಫೋಟೋ ನೋಡಿ ಅದನ್ನು ಹೇಳಲಿಕ್ಕಾಗದು.” ಆಮೇಲೆ ಕೇಳಿದರು, “ಚೌಕಟ್ಟು ಬಿಚ್ಚಲೇ?”

ನಾನು ಎಲ್ಲವನ್ನೂ ಕನ್ನಡದಲ್ಲಿ ಹೇಳಿದಾಗ ಅವ್ವ ಹೂಂ ಎಂದು ತಲೆಯಾಡಿಸಿದಳು. ಹಿಂದಿನ ರಟ್ಟು ತೆಗೆದಾಗ, ಚೌಕಟ್ಟಿನ ಅಂಚಿನಡಿ ಎಂಬತ್ತು ವರ್ಷ ಮುಚ್ಚಿಹೋಗಿದ್ದ ಬಲತೋಳು ಹೊರಗೆ ಬಂತು. ತೋಳಿನ ಮೇಲೆ ಗುರಾಣಿಯಾಕಾರದ ಬಟ್ಟೆಯ ಬಿಲ್ಲೆ, ಅದರೊಳಗೆ ನೆಗೆಯುವ ಹುಲಿ. ಆ ದಳದ ಗುರುತೇ ಅದು ಎಂದರು. ಫೋಟೋದ ಬೆನ್ನಿಗೆ ಮಸುಕಾದ ಒಂದು ಮುದ್ರೆಯಿತ್ತು: ಫ್ರಾನ್ಸಿನ ಕಡಲತೀರದ ಒಂದು ಪಟ್ಟಣದ ಸ್ಟುಡಿಯೋ.

ಅವರು ಮುದ್ರೆಯನ್ನು ಎರಡು ಸಲ ಓದಿದರು. “ನಿಮ್ಮ ಮನೆಗೂ ತಂತಿ ಬಂದಿರಬೇಕಲ್ಲ? ಆಗ ಇವರಿಗೆ ಎಷ್ಟು ವಯಸ್ಸು?”

“ಹುಟ್ಟಿ ಹದಿಮೂರು ದಿನ,” ಎಂದೆ.

“ಆ ದಳ ಫ್ರಾನ್ಸಿನ ಕಡಲಿಗೆ ಹೋದದ್ದು ಅದಾಗಿ ವರ್ಷದ ಮೇಲೆ. ಈ ಫೋಟೋ ತೆಗೆಸುವಾಗ ನಿಮ್ಮ ತಾಯಿ ನಡೆದಾಡುವ ಮಗು.”

ನಾನು ಕನ್ನಡದಲ್ಲಿ ಹೇಳಿದೆ. ಅವ್ವ ಇನ್ನೊಮ್ಮೆ ಹೇಳು ಎಂದಳು. ಇನ್ನೊಮ್ಮೆ ಹೇಳಿದೆ.

“ಅಂದ್ರ ನಾ ಹುಟ್ಟಿದಾಗ ಸತ್ತಿದ್ದಿಲ್ಲಾ ಅಂವ?”

“ಇಲ್ಲವ್ವಾ.”

“ನಾ ತಿಂದಿಲ್ಲ ಹಂಗಾದ್ರ.”

ಸೆರಗು ಬಾಯಿಗೆ ಒತ್ತಿಕೊಂಡಳು. ಹಾಗೆ ಅವಳು ಅತ್ತದ್ದನ್ನು ನಾನು ಎಂದೂ ಕಂಡಿರಲಿಲ್ಲ. ಮುದುಕರು ಬಿಚ್ಚಿದ ಚೌಕಟ್ಟಿನ ಮೊಳೆಗಳನ್ನು ಒಂದೊಂದಾಗಿ ಆರಿಸಿ ತಟ್ಟೆಗೆ ಹಾಕುತ್ತಾ ಕೂತರು.

ಆ ಸಮಾಧಾನ ಬಹಳ ದಿನ ಉಳಿಯಲಿಲ್ಲ. ವಾರದೊಳಗೆ ಬೇರೆ ಪ್ರಶ್ನೆ ಶುರುವಾಯಿತು. ಬದುಕಿದ್ದರೆ ಯಾಕೆ ಬರಲಿಲ್ಲ? ಮಗಳು ಹುಟ್ಟಿದ ಸುದ್ದಿ ಅವನಿಗೆ ಮುಟ್ಟಿತ್ತೇ? ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಾ ಬಡಿಯುತ್ತಾ ನಿಲ್ಲಿಸಿ ಕೇಳುತ್ತಿದ್ದಳು. ಮುದುಕರು ಜರ್ಮನಿಯ ದಾಖಲೆಗಳ ಕಚೇರಿಯೊಂದಕ್ಕೆ ನನ್ನಿಂದ ಕಾಗದ ಬರೆಸಿದರು. ಎಂಟು ತಿಂಗಳ ಮೇಲೆ ಉತ್ತರ ಬಂತು. ಅಜ್ಜನ ಹೆಸರು, ಸೆರೆಯಾಳುಗಳ ಶಿಬಿರದ ಹೆಸರು, ದಳಕ್ಕೆ ಸೇರಿದ ವಿವರ. ಮುಂದೇನಾಯಿತೆಂಬ ಮಾಹಿತಿ ತಮ್ಮಲ್ಲಿಲ್ಲ ಎಂದು ಬರೆದಿದ್ದರು. ಅವ್ವ ಆ ಕಾಗದದಲ್ಲಿ ಅಪ್ಪನ ಹೆಸರಿನ ಮೇಲೆ ಬೆರಳಾಡಿಸಿದಳು. ಇಂಗ್ಲಿಷ್ ಅಕ್ಷರ ಅಷ್ಟು ಬರುತ್ತದೆ ಅವಳಿಗೆ.

ಆ ನವೆಂಬರಿನಲ್ಲಿ ಅವ್ವ ಸ್ಮಾರಕಕ್ಕೆ ಹೊರಡಲಿಲ್ಲ. ಮುದುಕರೇ ಕೋಟು ತೊಟ್ಟು ಬಾಗಿಲಿಗೆ ಬಂದರು. “ನಾನೊಬ್ಬನೇ ಹೋಗುವುದಿಲ್ಲ,” ಎಂದು ಹೊಸ್ತಿಲಲ್ಲೇ ನಿಂತರು. ಅವ್ವ ಅವರನ್ನು ನೋಡಿದಳು, ಒಳಗೆ ಹೋಗಿ ಶಾಲು ಹೊದ್ದು ಬಂದಳು.

ಅವರ ಅಪ್ಪನ ಸಮಾಧಿ ಫ್ರಾನ್ಸಿನ ಉತ್ತರದಲ್ಲಿದೆ. ಕಳೆದ ವಸಂತದಲ್ಲಿ ಅವರು ಅಲ್ಲಿಗೆ ಹೊರಟಾಗ, ಅಲ್ಲಿಂದ ರೈಲಿನಲ್ಲಿ ದಕ್ಷಿಣಕ್ಕೆ, ಆ ಸ್ಟುಡಿಯೋದ ಪಟ್ಟಣಕ್ಕೂ ಹೋಗಿಬರುವೆ, ಏನು ತರಲಿ ಎಂದು ಅವ್ವನನ್ನು ಕೇಳಿದರು. ಅವಳ ಮಂಡಿಗೆ ಆ ಪ್ರಯಾಣ ಸಾಧ್ಯವಿರಲಿಲ್ಲ.

“ಏನೂ ತರಬ್ಯಾಡ್ರಿ ಅಂತ ಹೇಳ. ಅಲ್ಲಿ ನಿಂತು ಏನೇನು ಕಾಣತೈತಿ ನೋಡಿ ಬಂದು ನನಗ ಹೇಳ್ರಿ ಅನ್ನು.”

ಹತ್ತು ದಿನದ ಮೇಲೆ ಮರಳಿ ಬಂದು, ಅದೇ ಕುರ್ಚಿಯಲ್ಲಿ ಕೂತು ಹೇಳಿದರು. ಸ್ಟುಡಿಯೋ ಯಾವ ಬೀದಿಯಲ್ಲಿತ್ತೆಂದು ಯಾರಿಗೂ ತಿಳಿಯದು. ಊರಿನ ಹಿಂದೆ ದೂರದವರೆಗೂ ಪೈನ್ ಮರಗಳು. ಮುಂದೆ ಉದ್ದಕ್ಕೂ ಮರಳು, ಆಚೆ ಸಮುದ್ರ. ಅಲೆಗಳ ಸದ್ದಿಗೆ ಪಕ್ಕದವರ ಮಾತೂ ಕೇಳಿಸುವುದಿಲ್ಲವಂತೆ. ನಾನು ಒಂದೊಂದೇ ವಾಕ್ಯ ಕನ್ನಡಕ್ಕೆ ತಿರುಗಿಸುತ್ತಿದ್ದೆ. ಅವ್ವ ಕಣ್ಣು ಮುಚ್ಚಿ ಕೇಳುತ್ತಿದ್ದಳು.

“ಥಂಡಿ ಬಾಳ ಇತ್ತೇನ್ರಿ?” ಎಂದಳು.

“ಗಾಳಿ ಜೋರು. ನಾನು ಕೋಟಿನ ಗುಂಡಿ ಬಿಚ್ಚಲೇ ಇಲ್ಲ.”

ಅವ್ವ ಫೋಟೋದ ಕಡೆ ತಿರುಗಿದಳು. “ಆ ಅಂಗಿ ದಪ್ಪ ಐತೇನು, ಕೇಳ.”

“ಉಣ್ಣೆಯದು,” ಎಂದರು ಅವರು, “ಬೆಚ್ಚಗಿರುತ್ತದೆ.”